ಗುಳಿಗೆ ಚೀಲ ತಂದೀರಾ ಅಜ್ಜಾ?

ಜಗಳೂರು ಕಡೆಯ ಅಜ್ಜ, ವಯಸ್ಸು 70 ದಾಟಿದೆ. ದಾವಣಗೆರೆಯ ನನ್ನ ಕ್ಲಿನಿಕ್‌ಗೆ ಬಂದಾಗ ಹೊಟ್ಟೆ, ತೊಡೆ, ಮುಂಗೈ ಎಲ್ಲ ಗುಳ್ಳೆ. ಊರಲ್ಲಿ ಸರ್ಪಸುತ್ತು ಅಂತ ಕೆಮ್ಮಣ್ಣು ಬಳಿದಿದ್ದರು. ಸರ್ಪಸುತ್ತು ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಪಟ್ಟಿಯಾಗಿ ಏಳುತ್ತದೆ, ಇದು ಎರಡೂ ಕಡೆ ಇತ್ತು. ಮಣ್ಣು ತೊಳೆದು ನೋಡಿದೆ. ಗುಳ್ಳೆಗಳು ಮಾಗಿದ ದ್ರಾಕ್ಷಿಯ ಹಾಗೆ ಬಿಗಿಯಾಗಿದ್ದವು, ಒತ್ತಿದರೂ ಒಡೆಯಲಿಲ್ಲ. ಪಕ್ಕದ ಚರ್ಮ ಉಜ್ಜಿದರೆ ಸುಲಿಯಲಿಲ್ಲ, ಬಾಯಲ್ಲಿ ಹುಣ್ಣಿಲ್ಲ. ಪೆಂಫಿಗಸ್ ಅನ್ನುವ ಇನ್ನೊಂದು ಗುಳ್ಳೆ ಕಾಯಿಲೆ ಆಗಿದ್ದರೆ ಗುಳ್ಳೆ ಮೆತ್ತಗಿರುತ್ತದೆ, ಬೇಗ ಒಡೆಯುತ್ತದೆ. ನನಗೆ ಬುಲ್ಲಸ್ ಪೆಂಫಿಗಾಯ್ಡ್ ಅನುಮಾನ ಬಂತು, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದು ಗುಳ್ಳೆ ಎಬ್ಬಿಸುವ ಕಾಯಿಲೆ.

"ಹೊಸ ಗುಳಿಗೆ ಏನಾದ್ರೂ ಶುರು ಮಾಡೀರಾ?"

"ಇಲ್ರೀ ಡಾಕ್ಟ್ರೇ. ಶುಗರ್ ಗುಳಿಗೆ ಒಂದೇ, ಅದು ಮೊದ್ಲಿಂದ್ಲೂ ಐತಿ."

ಈ ಉತ್ತರವನ್ನು ನಾನು ಈಗ ಒಪ್ಪಿಕೊಳ್ಳುವುದಿಲ್ಲ. ಮಾರನೇ ದಿನ ಮಗ ಚೀಲ ತಂದು ಮೇಜಿನ ಮೇಲೆ ಸುರಿದ. ಅದರಲ್ಲಿ ವಿಲ್ಡಾಗ್ಲಿಪ್ಟಿನ್ ಇತ್ತು, ಗ್ಲಿಪ್ಟಿನ್ ಗುಂಪಿನ ಶುಗರ್ ಮಾತ್ರೆ. ಹಳೇ ಚೀಟಿ ತಿರುವಿದರೆ ಅದನ್ನು ಶುರು ಮಾಡಿ ಹತ್ತು ತಿಂಗಳಾಗಿತ್ತು. ಇಷ್ಟು ಹಿಂದಿನದನ್ನು ಯಾರೂ ಹೊಸದು ಅನ್ನುವುದಿಲ್ಲ. ಆದರೆ ಗ್ಲಿಪ್ಟಿನ್ ಗುಂಪಿನ ಮಾತ್ರೆಗಳಿಂದ ಪೆಂಫಿಗಾಯ್ಡ್ ಬರುವುದಕ್ಕೆ ಎಷ್ಟೋ ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ.

ಬಯಾಪ್ಸಿಗೆ ಎರಡು ಚೂರು ತೆಗೆದೆ. ಹೊಸ ಗುಳ್ಳೆಯ ಅಂಚಿನದು ಫಾರ್ಮಲಿನ್‌ಗೆ. ಗುಳ್ಳೆ ಪಕ್ಕದ ಚೆನ್ನಾಗಿರುವ ಚರ್ಮದ್ದು, ಚರ್ಮದಲ್ಲಿ ಕೂತ ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸುವ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ, ಅದಕ್ಕೆಂದೇ ಇರುವ ಮೈಕೆಲ್ಸ್ ದ್ರಾವಣದಲ್ಲಿ. ಹಿಂದೊಮ್ಮೆ ಒಬ್ಬ ಅಜ್ಜಿಯದು ಎರಡೂ ಚೂರು ಫಾರ್ಮಲಿನ್‌ಗೇ ಬಿದ್ದು ಪರೀಕ್ಷೆ ಕೆಟ್ಟಿತ್ತು. ಮತ್ತೆ ಅವರ ತೊಡೆಗೆ ಸೂಜಿ ಚುಚ್ಚಬೇಕಾಯಿತು. ಅಂದಿನಿಂದ ಬಾಟಲಿಗೆ ಚೀಟಿ ಅಂಟಿಸುವುದು ನಾನೇ.

ಬೆಂಗಳೂರಿನಿಂದ ರಿಪೋರ್ಟ್ ಬಂತು: ಚರ್ಮದ ಮೇಲ್ಪದರ ಕೆಳಪದರಕ್ಕೆ ಅಂಟುವ ಗಡಿಯುದ್ದಕ್ಕೂ ಐಜಿಜಿ ಅನ್ನುವ ಪ್ರತಿಕಾಯ, ಸಿ3 ಅನ್ನುವ ರೋಗನಿರೋಧಕ ಪ್ರೋಟೀನು ಗೆರೆ ಎಳೆದ ಹಾಗೆ ಕೂತಿವೆ. ಕಾಯಿಲೆ ಖಾತ್ರಿಯಾಯಿತು. ಮಾತ್ರೆಯಿಂದ ಬಂದದ್ದಾದರೂ ತಾನಾಗಿ ಬಂದದ್ದಾದರೂ ಈ ಗೆರೆ ಒಂದೇ ಥರ ಕಾಣುತ್ತದೆ. ಹಾಗಾಗಿ ಆ ಚೀಲ ನೋಡದೆ ಬೇರೆ ದಾರಿಯಿರಲಿಲ್ಲ.

ಅವರ ಶುಗರ್ ಡಾಕ್ಟರಿಗೆ ಫೋನ್ ಮಾಡಿದೆ, ಅವರು ಮಾತ್ರೆ ಬದಲಿಸಿದರು. ಸ್ಟೀರಾಯ್ಡ್ ನುಂಗಿಸಿದರೆ ಶುಗರ್ ಏರುತ್ತದೆ. ಅದಕ್ಕೇ ಮೇಲೆ ಹಚ್ಚುವ ಸ್ಟೀರಾಯ್ಡ್ ಆದ ಕ್ಲೋಬೆಟಸಾಲ್ ಮುಲಾಮು, ಜೊತೆಗೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ 100 ಮಿಲಿಗ್ರಾಂ ದಿನಕ್ಕೆರಡು. ಮೂರನೇ ವಾರಕ್ಕೆ ಹೊಸ ಗುಳ್ಳೆ ಏಳುವುದು ನಿಂತಿತು. ರಾತ್ರಿ ನಿದ್ದೆ ಹತ್ತುತ್ತಿದೆ ಅಂದರು ಅಜ್ಜ.

ಹೊರಡುವಾಗ ಮಗ ಕೇಳಿದ: "ನಮ್ಮವ್ವನೂ ಅದೇ ಗುಳಿಗೆ ತಗೊಂತಾಳ್ರೀ, ಬಿಡಿಸ್ಲಾ?"

"ಬೇಡಪ್ಪಾ, ನೀನಾಗೇ ಬಿಡಿಸ್ಬೇಡ. ಬಹಳ ಜನಕ್ಕೆ ಅದರಿಂದ ಏನೂ ಆಗಲ್ಲ. ಮೈ ತುರಿಕೆ ವಾರಗಟ್ಟಲೆ ನಿಲ್ಲದಿದ್ರೆ, ಗುಳ್ಳೆ ಏಳೋವರೆಗೂ ಕಾಯ್ಬೇಡ, ಕರ್ಕೊಂಡು ಬಾ. ಚೀಲನೂ ತಗೊಂಡ್ಬಾ."