ಉಬ್ಬಸದ ಜಾಡು ಹಿಡಿಯಲು ಒಂದು ತಿಂಗಳ ಲೆಕ್ಕ

ಅಸ್ತಮಾ ಇದೆ ಎಂದು ಗೊತ್ತಾದ ಮನೆಯಲ್ಲಿ ಮೊದಲು ನಿಷೇಧವಾಗುವುದು ಬಾಳೆಹಣ್ಣು. ಆಮೇಲೆ ಮೊಸರು, ಸೀಬೆ, ಸೀತಾಫಲ, ಎಳನೀರು, ತಲೆಸ್ನಾನ. ನೆಂಟರು ಬಂದು ಹೋದಂತೆಲ್ಲ ಪಟ್ಟಿ ಉದ್ದವಾಗುತ್ತದೆ. ಇಷ್ಟೆಲ್ಲ ಬಿಟ್ಟ ಮೇಲೂ ನಸುಕಿನ ಮೂರು ಗಂಟೆಗೆ ಎದೆ ಸುಯ್‌ಗುಟ್ಟುತ್ತದೆ. ಮಂಚದ ಕೆಳಗೆ ಸೊಳ್ಳೆ ಬತ್ತಿ ಮಾತ್ರ ಎಂದಿನಂತೆ ಹೊಗೆಯಾಡುತ್ತಿರುತ್ತದೆ.

ಅಸ್ತಮಾ ಇರುವವರ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡೇ ಇರುತ್ತದೆ. ಉಸಿರು ಸಲೀಸಾಗಿ ಆಡುವ ದಿನಗಳಲ್ಲೂ ಅಷ್ಟೇ. ಅಂಥ ನಾಳಕ್ಕೆ ಯಾವುದಾದರೂ ಕೆರಳಿಸುವ ವಸ್ತು ತಾಕಿದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಊತ ಹೆಚ್ಚುತ್ತದೆ, ಕಫ ತುಂಬುತ್ತದೆ. ಕೆರಳಿಸುವ ವಸ್ತು ಎಲ್ಲರಿಗೂ ಒಂದೇ ಅಲ್ಲ. ಅಕ್ಕನಿಗೆ ಆಗದ ಊದುಬತ್ತಿ ತಮ್ಮನಿಗೆ ಏನೂ ಮಾಡದಿರಬಹುದು. ಹಾಗಾಗಿ ಊರವರ ಪಟ್ಟಿಯನ್ನು ಪಕ್ಕಕ್ಕಿಟ್ಟು ನಿಮ್ಮದೇ ಪಟ್ಟಿ ಮಾಡಿಕೊಳ್ಳಬೇಕು. ಒಂದು ತಿಂಗಳು ಬರೆದಿಟ್ಟರೆ ಸಾಕು, ಬಹುಪಾಲು ಜನರಿಗೆ ಜಾಡು ಸಿಗುತ್ತದೆ.

ಬೇಕಾದದ್ದು

ಒಂದು ನೋಟ್‌ಬುಕ್, ಇಲ್ಲವೇ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್. ಜೊತೆಗೆ ಒಂದು ಪೀಕ್ ಫ್ಲೋ ಮೀಟರ್. ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ತೋರಿಸುವ ಪ್ಲಾಸ್ಟಿಕ್ ಕೊಳವೆ ಅದು. ಕೆಲವು ನೂರು ರೂಪಾಯಿಗೆ ಔಷಧಿ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುತ್ತದೆ. ಜ್ವರಕ್ಕೆ ಥರ್ಮಾಮೀಟರ್ ಇಟ್ಟುಕೊಂಡ ಮನೆಗಳಲ್ಲಿ ಉಬ್ಬಸಕ್ಕೆ ಇದು ಯಾಕಿಲ್ಲವೋ ನನಗೆ ತಿಳಿಯದು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದನ್ನು ಸರಿಯಾಗಿ ಊದಲು ಬರುವುದಿಲ್ಲ. ಅವರ ಮಟ್ಟಿಗೆ ಕೆಮ್ಮು, ನಿದ್ದೆ, ಆಟ ಇವನ್ನು ಗಮನಿಸಿ ಬರೆದರೆ ಆಯಿತು.

ಊದುವ ಕ್ರಮ ಹೀಗೆ. ಸೂಚಕವನ್ನು ಸೊನ್ನೆಗೆ ತನ್ನಿ. ನಿಂತುಕೊಳ್ಳಿ. ಎದೆ ತುಂಬ ಉಸಿರೆಳೆದುಕೊಂಡು, ಕೊಳವೆಯ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಮುಚ್ಚಿ, ಒಂದೇ ಏಟಿಗೆ ಜೋರಾಗಿ ಊದಿ. ದೀರ್ಘವಾಗಿ ಊದುವುದು ಬೇಡ, ರಭಸ ಮುಖ್ಯ. ಬೆರಳು ಸೂಚಕಕ್ಕೆ ಅಡ್ಡ ಬರದಿರಲಿ. ಮೂರು ಸಲ ಊದಿ, ಮೂರರಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಬರೆದುಕೊಳ್ಳಿ, ಸರಾಸರಿ ಬೇಡ. ಬೆಳಿಗ್ಗೆ ಎದ್ದಾಗ ಒಮ್ಮೆ, ರಾತ್ರಿ ಒಮ್ಮೆ, ಎರಡು ಹೊತ್ತೂ ಪಂಪ್ (ಬಾಯಿಂದ ಔಷಧಿ ಎಳೆದುಕೊಳ್ಳುವ ಇನ್ಹೇಲರ್) ತೆಗೆದುಕೊಳ್ಳುವ ಮುಂಚೆ.

ಏನು ಬರೆಯಬೇಕು

ಎರಡು ಹೊತ್ತಿನ ಅಂಕಿ, ರಾತ್ರಿ ಎಚ್ಚರವಾಯಿತೇ, ತಕ್ಷಣ ಉಸಿರು ಬಿಡಿಸುವ ಪಂಪ್ ಎಷ್ಟು ಸಲ ಬೇಕಾಯಿತು, ಆ ದಿನ ಮಾಮೂಲಿಗಿಂತ ಬೇರೆ ಏನು ನಡೆಯಿತು. ಕೊನೆಯದೇ ಮುಖ್ಯ, ಅದರ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ. ನವರಾತ್ರಿ ಹೊತ್ತಿನ ಒಂದು ಪುಟವನ್ನು ಹೀಗೆ ಕಲ್ಪಿಸಿಕೊಳ್ಳೋಣ:

ಸೋಮವಾರ: ಬೆಳಿಗ್ಗೆ 370, ರಾತ್ರಿ 390. ಪಂಪ್ ಇಲ್ಲ.

ಮಂಗಳವಾರ: ಬೆಳಿಗ್ಗೆ 380, ರಾತ್ರಿ 390. ಸಂಜೆ 6ಕ್ಕೆ ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸಿ ಒರೆಸಿದೆ. ನಾಲ್ಕಾರು ಸೀನು. ರಾತ್ರಿ ಊಟಕ್ಕೆ ಮೊಸರನ್ನ.

ಬುಧವಾರ: ನಸುಕಿನ 2ಕ್ಕೆ ಕೆಮ್ಮು, ಎದ್ದು ಕೂತೆ. ಪಂಪ್ 2 ಸಲ. ಬೆಳಿಗ್ಗೆ 310, ರಾತ್ರಿ 380.

ಮನೆಯವರನ್ನು ಕೇಳಿದರೆ ಮೊಸರನ್ನದ್ದೇ ತಪ್ಪು ಎನ್ನುತ್ತಾರೆ. ಗಡಿಯಾರ ಬೇರೆಯೇ ಹೇಳುತ್ತದೆ. ಅಲರ್ಜಿ ತರುವ ಧೂಳು ಒಳಹೊಕ್ಕಾಗ ಮೊದಲ ಪ್ರತಿಕ್ರಿಯೆ ಕೆಲವೇ ನಿಮಿಷಗಳಲ್ಲಿ ಬರುತ್ತದೆ, ಸೀನೋ ಸಣ್ಣ ಕೆಮ್ಮೋ ಆಗಿ ಅಡಗುತ್ತದೆ. ಎರಡನೆಯದು ನಾಲ್ಕರಿಂದ ಹನ್ನೆರಡು ಗಂಟೆ ಕಳೆದು ಬರಬಹುದು, ಅದೇ ಜೋರು. ಸಂಜೆಯ ಬೊಂಬೆ ಧೂಳು ನಸುಕಿನಲ್ಲಿ ಎಬ್ಬಿಸಿದ್ದು ಹೀಗೆ. ಅದೂ ಅಲ್ಲದೆ ಶ್ವಾಸನಾಳ ನಸುಕಿನ ಹೊತ್ತಿಗೆ ಸಹಜವಾಗಿಯೇ ಹೆಚ್ಚು ಕಿರಿದಾಗುತ್ತದೆ. ರಾತ್ರಿ ಊಟ ಅದಕ್ಕೆ ಹತ್ತಿರ ಇರುವುದರಿಂದ ಬೈಸಿಕೊಳ್ಳುತ್ತದೆ, ಅಷ್ಟೇ. ಆಹಾರದಿಂದ ಉಬ್ಬಸ ಬರುವುದೇ ಇಲ್ಲ ಎಂದಲ್ಲ. ಆದರೆ ನಿಜವಾದ ಆಹಾರ ಅಲರ್ಜಿಯಲ್ಲಿ ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ತುಟಿ ಊದುವುದು, ಮೈಮೇಲೆ ಗಂದೆ ಏಳುವುದು, ವಾಂತಿ ಇಂಥವು ಸಾಮಾನ್ಯವಾಗಿ ಜೊತೆಗಿರುತ್ತವೆ.

ಇನ್ನು ಕೆಲವು ಸಮಯದ ಗುರುತುಗಳು. ಹೊಗೆ, ಮೆಣಸಿನಕಾಯಿ ಘಾಟು, ಬಣ್ಣದ ವಾಸನೆ ತಕ್ಷಣ ಹಿಡಿಯುತ್ತವೆ. ಓಡಿದ್ದರಿಂದ ಬರುವ ಉಬ್ಬಸ ಓಟ ನಿಲ್ಲಿಸಿದ ಐದು-ಹತ್ತು ನಿಮಿಷಕ್ಕೆ ಹೆಚ್ಚಾಗುತ್ತದೆ. ನೆಗಡಿಯಾದರೆ ಒಂದೆರಡು ದಿನ ಮೂಗಿನಲ್ಲಿದ್ದು ಎದೆಗೆ ಇಳಿಯುತ್ತದೆ. ಮಕ್ಕಳಲ್ಲಿ ಉಬ್ಬಸ ಉಲ್ಬಣವಾಗಲು ನೆಗಡಿಯಷ್ಟು ಸಾಮಾನ್ಯ ಕಾರಣ ಇನ್ನೊಂದಿಲ್ಲ.

ಮೇಲಿನ ಪುಟದ ಅಂಕಿಗಳಲ್ಲೂ ಒಂದು ಸುಳಿವಿದೆ. ಬುಧವಾರದ ಎರಡು ಹೊತ್ತಿನ ಅಂತರ 70, ಸರಾಸರಿ 345. ಅಂದರೆ ಶೇ 20ರಷ್ಟು ಏರಿಳಿತ. ವಯಸ್ಕರಲ್ಲಿ ದಿನದ ಏರಿಳಿತ ವಾರದ ಸರಾಸರಿಯಲ್ಲಿ ಶೇ 10 ದಾಟಿದರೆ ವೈದ್ಯರು ಅದನ್ನು ಅಸ್ತಮಾದ ಲಕ್ಷಣವೆಂದು ಗಣಿಸುತ್ತಾರೆ.

ಮಲಗುವ ಕೋಣೆಯಿಂದ ಹುಡುಕಲು ಶುರುಮಾಡಿ

ದಿನದ ಮೂರನೇ ಒಂದು ಭಾಗ ಕಳೆಯುವ ಜಾಗ ಅದು. ಹಾಸಿಗೆ, ದಿಂಬುಗಳಲ್ಲಿ ಧೂಳುನುಸಿ ಇರುತ್ತದೆ. ಕಾಲು ಮಿಲಿಮೀಟರ್ ಉದ್ದದ, ಕಣ್ಣಿಗೆ ಬೀಳದ ಜೀವಿ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ನೀರನ್ನು ಅದು ಗಾಳಿಯ ತೇವದಿಂದಲೇ ಹೀರಿಕೊಳ್ಳುವುದರಿಂದ ಕರಾವಳಿ, ಮಲೆನಾಡಿನ ಮಳೆಗಾಲ ಅದಕ್ಕೆ ಸುಗ್ಗಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕು. ಕೈ ಅದ್ದಲಾಗದಷ್ಟು ಬಿಸಿ ಅದು, ನೆನೆಹಾಕುವಾಗ ಹುಷಾರು. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕುವ ಅಜ್ಜಿಯ ಕಾಲದ ರೂಢಿ ಸರಿಯಾದದ್ದೇ, ಒಣ ಬಿಸಿಗೆ ನುಸಿ ಸಾಯುತ್ತದೆ. ಆದರೆ ಹಾಸಿಗೆ ಬಡಿಯುವವರು ಉಬ್ಬಸದವರಾಗಿರಬಾರದು. ದುಬಾರಿ ಜಿಪ್ ಕವರ್ ಒಂದನ್ನೇ ಕೊಂಡು ಹಾಸಿಗೆಗೆ ಹಾಕಿ ಸುಮ್ಮನಾದರೆ ಹೆಚ್ಚಿನವರಿಗೆ ಹೇಳಿಕೊಳ್ಳುವಂಥ ಗುಣ ಕಂಡಿಲ್ಲ. ಆ ದುಡ್ಡು ಉಳಿಸಿ.

ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು. ಮಳೆಗಾಲದಲ್ಲಿ ಬೀರುವಿನ ಹಿಂದಿನ ಗೋಡೆ, ಚರ್ಮದ ಬೆಲ್ಟು, ಹಳೇ ಪುಸ್ತಕಗಳ ಮೇಲೆ ಬೂಷ್ಟು ಬಂದಿದೆಯೇ ನೋಡಿ. ಬಟ್ಟೆಯನ್ನು ಕೋಣೆಯೊಳಗೇ ಹರವಿದರೆ ಬೂಷ್ಟಿಗೂ ನುಸಿಗೂ ಅನುಕೂಲ.

ಸೊಳ್ಳೆ ಬತ್ತಿಯ ಬಗ್ಗೆ ಒಂದೇ ಮಾತು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದಾಗ ಹೊಮ್ಮುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನವಕ್ಕೆ ಸಮ. ಸೊಳ್ಳೆ ಪರದೆ ಕಟ್ಟಿ.

ಅಡುಗೆಮನೆ, ದೇವರಮನೆ, ಬೀದಿ

ಒಣಮೆಣಸಿನಕಾಯಿ ಹುರಿಯುವಾಗಿನ ಘಾಟಿಗೆ ಆರೋಗ್ಯವಂತರೂ ಕೆಮ್ಮುತ್ತಾರೆ, ಉಬ್ಬಸದವರ ಪಾಡು ಕೇಳುವುದೇ ಬೇಡ. ಕಿಟಕಿ ತೆರೆದಿರಲಿ, ಸಾರಿನ ಪುಡಿ ಹುರಿಯುವ ದಿನ ಅವರು ಹೊರಗಿರಲಿ. ಮಲೆನಾಡಿನ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲ ಹಂಡೆಗೆ ಇನ್ನೂ ಸೌದೆಯೇ. ಆ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಊದುಬತ್ತಿ, ಸಾಂಬ್ರಾಣಿಯಿಂದ ತೊಂದರೆ ಎಂದು ನೋಟ್‌ಬುಕ್ ಹೇಳಿದರೆ ದೀಪ, ಹೂವಿಗೆ ದೇವರು ಮುನಿಯುವುದಿಲ್ಲ. ಜಿರಳೆ ಓಡಾಡುವ ಮನೆಯಲ್ಲಿ ಅದರ ಹಿಕ್ಕೆ, ಉದುರಿದ ಚೂರುಗಳೂ ಅಲರ್ಜಿ ತರುತ್ತವೆ. ಸ್ಪ್ರೇ ಹೊಡೆದರೆ ಆ ವಾಸನೆಗೇ ಉಸಿರು ಕಟ್ಟಬಹುದು, ಮೂಲೆಗೆ ಹಚ್ಚುವ ಜೆಲ್ ವಾಸಿ.

ಹೊರಗೆ ಬಂದರೆ ಕಾಂಗ್ರೆಸ್ ಗಿಡ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆನ್ನಲಾದ ಪಾರ್ಥೇನಿಯಂ ಈಗ ಖಾಲಿ ಸೈಟು ಕಂಡಲ್ಲೆಲ್ಲ ಇದೆ. ಮಳೆ ಬಿದ್ದ ಮೇಲೆ ಗಿಡದ ತುಂಬ ಬಿಳಿ ಹೂ ಬಿಡುತ್ತದೆ. ಹೂ ಬಿಡುವ ಮುಂಚೆಯೇ, ಕೈಗವಸು ಹಾಕಿ, ಅಲರ್ಜಿ ಇಲ್ಲದವರಿಂದ ಕೀಳಿಸಬೇಕು. ವಾಹನದ ಹೊಗೆಯಂತೂ ಹೇಳಲೇಬೇಕಾದದ್ದು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಶೇ 9 ಇದ್ದ ಅಸ್ತಮಾ 1999ಕ್ಕೆ ಶೇ 29.5 ಆಗಿತ್ತು. ಆ ಅವಧಿಯಲ್ಲಿ ನಗರದ ವಾಹನಗಳು ಎಷ್ಟು ಹೆಚ್ಚಿದವು ಎಂಬುದನ್ನೂ ಅವರು ಎತ್ತಿ ತೋರಿಸಿದ್ದರು.

ಕೆಲಸ ಮತ್ತು ಮಾತ್ರೆ ಡಬ್ಬಿ

ಇವೆರಡನ್ನು ಬಹಳ ಜನ ಅನುಮಾನಿಸುವುದೇ ಇಲ್ಲ. ಭಾನುವಾರ ಚೆನ್ನಾಗಿದ್ದು ಸೋಮವಾರ ರಾತ್ರಿ ಉಬ್ಬಸ, ಹಬ್ಬದ ರಜೆಯಲ್ಲಿ ಊರಿಗೆ ಹೋದರೆ ಮಾಯ, ವಾಪಸ್ ಬಂದರೆ ಮತ್ತೆ ಶುರು ಎನ್ನುವ ನಡೆ ಪುಟದಲ್ಲಿ ಕಂಡರೆ ಕೆಲಸದ ಜಾಗ ನೋಡಿ. ಬೇಕರಿಯ ಮೈದಾ, ರೇಷ್ಮೆ ನೂಲು ಬಿಚ್ಚುವಲ್ಲಿನ ಗಾಳಿ, ಮರದ ಪುಡಿ, ಗಾಡಿಗೆ ಹೊಡೆಯುವ ಸ್ಪ್ರೇ ಪೇಂಟ್, ಎಲ್ಲವೂ ಅಸ್ತಮಾ ತರಬಲ್ಲವು. ಬೇಗ ಗುರುತಿಸಿ ದೂರವಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.

ಮೈಕೈ ನೋವಿಗೆ ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೆಲವರಿಗೆ ಗಂಟೆ-ಎರಡು ಗಂಟೆಯಲ್ಲಿ ತೀವ್ರ ಉಬ್ಬಸ ತರುತ್ತವೆ. ಮೂಗಿನಲ್ಲಿ ದುರ್ಮಾಂಸ ಬೆಳೆದವರು ವಿಶೇಷವಾಗಿ ಎಚ್ಚರವಾಗಿರಬೇಕು. ಅರೆತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್ ಕೂಡ ಹಾಗೆಯೇ. ಗ್ಲಾಕೋಮಾಕ್ಕೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿ ಸಹ ಉಸಿರು ಕಟ್ಟಿಸಬಲ್ಲದು. ಕಣ್ಣಿನ ಡಾಕ್ಟರಿಗೆ ಅಸ್ತಮಾ ವಿಷಯ ಹೇಳಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ಹೇಳಿ. ನೀವಾಗಿಯೇ ಹನಿ ನಿಲ್ಲಿಸಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ

ತಿಂಗಳ ಕೊನೆಗೆ ಎರಡು-ಮೂರು ಅನುಮಾನ ಉಳಿಯುತ್ತವೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಎರಡು ವಾರ ಸೊಳ್ಳೆ ಬತ್ತಿ ನಿಲ್ಲಿಸಿ ಅಂಕಿ ನೋಡಿ, ಆಮೇಲೆ ಮುಂದಿನದು. ನುಸಿಯ ವಿಷಯದಲ್ಲಿ ಮಾತ್ರ ಎರಡು ವಾರ ಸಾಲದು, ಕೆಲವು ತಿಂಗಳೇ ಬೇಕು. ಖಚಿತಪಡಿಸಿಕೊಳ್ಳಲು ಚರ್ಮದ ಅಲರ್ಜಿ ಪರೀಕ್ಷೆ ಇದೆ. ಆದರೆ ಕೈಮೇಲೆ ದದ್ದು ಎದ್ದ ಮಾತ್ರಕ್ಕೆ ಉಬ್ಬಸಕ್ಕೂ ಅದೇ ಕಾರಣ ಎನ್ನಲಾಗದು, ನೋಟ್‌ಬುಕ್ಕಿಗೂ ತಾಳೆಯಾಗಬೇಕು. ತೀವ್ರ ಉಬ್ಬಸ ತಂದ ಮಾತ್ರೆ ಅಥವಾ ಆಹಾರವನ್ನು ಮನೆಯಲ್ಲಿ ಮತ್ತೆ ತಿಂದು ಪರೀಕ್ಷಿಸಲೇಬಾರದು.

ಪಂಪ್ ನಿಲ್ಲಿಸದೆ

ಕಾರಣ ಸಿಕ್ಕಿತೆಂದು ಔಷಧಿ ಬಿಡುವಂತಿಲ್ಲ. ಊತ ಇಳಿಸುವ ದಿನನಿತ್ಯದ ಸ್ಟೀರಾಯ್ಡ್ ಪಂಪ್ ಒಂದು, ತಕ್ಷಣ ಉಸಿರು ಬಿಡಿಸುವ ಸಾಲ್ಬುಟಮಾಲ್ ಇನ್ನೊಂದು. ಈಗ ಕೆಲವರಿಗೆ ಎರಡೂ ಕೆಲಸಕ್ಕೆ ಒಂದೇ ಪಂಪ್ ಬರೆಯುತ್ತಾರೆ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದು ಎಂದು ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಪಂಪ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಒತ್ತುವ ಪಂಪಾದರೆ ಕುಲುಕಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಆದರೆ ಉಲ್ಟಾ, ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ.

ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆಂದು ಸಾಬೀತಾಗಿಲ್ಲ. ಹೋಗಲೇಬೇಕೆನ್ನುವವರು ಜೇಬಿನಲ್ಲಿ ಪಂಪ್ ಇಟ್ಟುಕೊಳ್ಳಿ, ಬಂದ ಮೇಲೆ ದಿನದ ಔಷಧಿ ಮುಂದುವರಿಸಿ.

ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಬಂದರೆ, ಪೀಕ್ ಫ್ಲೋ ನಿಮ್ಮ ಅತ್ಯುತ್ತಮ ಅಂಕಿಯ ಅರ್ಧಕ್ಕಿಂತ ಕೆಳಗಿಳಿದರೆ 108ಕ್ಕೆ ಫೋನ್ ಮಾಡಬೇಕು. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸ್ಪೇಸರ್ (ಪಂಪಿನ ಬಾಯಿಗೆ ಜೋಡಿಸುವ ಟೊಳ್ಳು ಕೊಳವೆ) ಮೂಲಕ ಸಾಲ್ಬುಟಮಾಲ್ ಒಂದೊಂದಾಗಿ ನಾಲ್ಕು ಪಫ್ ಕೊಟ್ಟು, ಕೆಲವು ನಿಮಿಷ ಕಾದು, ಹಗುರವಾಗದಿದ್ದರೆ ಆಂಬುಲೆನ್ಸ್ ಬರುವವರೆಗೆ ಹಾಗೆಯೇ ಮತ್ತೆ ಕೊಡಿ. ಸುಯ್‌ಗುಟ್ಟುತ್ತಿದ್ದ ಎದೆ ಉಸಿರು ಹಗುರಾಗದೆಯೇ ನಿಶ್ಶಬ್ದವಾದರೆ ಅದು ಗುಣವಲ್ಲ, ಅಪಾಯ. ಆ ಚೀಟಿಯಲ್ಲೇ ಪಂಪ್ ಯಾವತ್ತು ಶುರುಮಾಡಿದ್ದು ಎಂದೂ ಬರೆದಿಡಿ. ನೀರಿನಲ್ಲಿ ತೇಲಿಸಿ ನೋಡಿದರೆ ಔಷಧಿ ಎಷ್ಟು ಉಳಿದಿದೆ ಎಂದು ಗೊತ್ತಾಗುವುದಿಲ್ಲ, ಖಾಲಿಯಾದ ಮೇಲೂ ಅದು ಪುಸ್ ಎನ್ನುತ್ತಲೇ ಇರುತ್ತದೆ.