ಹಿತ್ತಲ ಕೊಳದಲ್ಲಿ ಪಾಚಿ: ಬಾಟಲಿ ತರುವ ಮೊದಲು ನೋಡಬೇಕಾದದ್ದು

ಕೊಳ ಹಸಿರಾದ ಕೂಡಲೇ ಅಕ್ವೇರಿಯಂ ಅಂಗಡಿಯಿಂದ ಪಾಚಿನಾಶಕದ ಬಾಟಲಿ ತಂದು ಸುರಿಯುವವರೇ ಹೆಚ್ಚು. ನಾಲ್ಕು ದಿನ ನೀರು ತಿಳಿಯಾಗಿರುತ್ತದೆ, ಎರಡು ವಾರ ಕಳೆದರೆ ಮತ್ತೆ ಅದೇ ಹಸಿರು. ಸತ್ತ ಪಾಚಿ ಕೊಳದಲ್ಲೇ ಕೊಳೆಯುತ್ತದೆ. ಹೀರಿಕೊಂಡಿದ್ದ ಸಾರಜನಕವನ್ನೂ ರಂಜಕವನ್ನೂ ನೀರಿಗೇ ಬಿಡುತ್ತದೆ. ಮುಂದಿನ ಪಾಚಿ ಅದನ್ನೇ ಉಂಡು ಏಳುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಪಾಚಿಯನ್ನು ಕೊಲ್ಲುವುದು ಹೇಗೆ ಎಂದಲ್ಲ, ಕೊಳಕ್ಕೆ ಗೊಬ್ಬರ ಎಲ್ಲಿಂದ ಬರುತ್ತಿದೆ ಎಂದು.

ಯಾವ ಪಾಚಿ?

ಒಂದು ಕೋಲನ್ನು ನೀರಿಗದ್ದಿ ಎತ್ತಿ. ಉದ್ದುದ್ದ ಎಳೆಗಳು ಜೋತುಬಿದ್ದರೆ ಅದು ಎಳೆಪಾಚಿ. ಕೋಲಿಗೆ ಏನೂ ಅಂಟದೆ ನೀರೇ ಹಸಿರಾಗಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ, ತೇಲುವ ಪಾಚಿ. ಕೋಲು ಪೇಂಟ್ ಡಬ್ಬಿಯಿಂದ ಎತ್ತಿದಂತೆ ನೀಲಿಹಸಿರಾಗಿ, ಗಬ್ಬು ವಾಸನೆ ಬಂದರೆ ಅದು ಸೈನೊಬ್ಯಾಕ್ಟೀರಿಯಾ. ಇದರಲ್ಲಿ ಕೆಲವು ಜಾತಿಗಳು ವಿಷ ಬಿಡುತ್ತವೆ. ನಾಯಿ ಆ ನೀರು ಕುಡಿಯದಂತೆ ನೋಡಿಕೊಳ್ಳಿ, ಕೈಗವಸು ಹಾಕಿಕೊಂಡೇ ಕೆನೆ ತೆಗೆಯಿರಿ.

ಗೋಡೆಗೆ ಮೆತ್ತಗೆ ಅಂಟಿಕೊಂಡ ಗಿಡ್ಡ ಹಸಿರು ಪದರ ಮಾತ್ರ ಶತ್ರುವಲ್ಲ. ಅದು ನೈಟ್ರೇಟ್ ಹೀರುತ್ತದೆ, ಮೀನಿಗೆ ಮೇವೂ ಆಗುತ್ತದೆ. ಉಜ್ಜಿ ತೆಗೆಯಬೇಡಿ.

ಹೊಸ ಕೊಳವಾದರೆ ಇನ್ನೊಂದು ಮಾತು. ಮೊದಲ ನಾಲ್ಕರಿಂದ ಆರು ವಾರ ನೀರು ಹಸಿರಾಗುವುದು ಸಹಜ; ಮೀನಿನ ಅಮೋನಿಯಾವನ್ನು ನೈಟ್ರೈಟ್ ಆಗಿಸಿ, ಅದನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯಾಗಲು ಅಷ್ಟು ಸಮಯ ಬೇಕೇ ಬೇಕು. ಗಾಬರಿಯಾಗಿ ನೀರು ಪೂರಾ ಬದಲಿಸಿದಷ್ಟೂ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಸಿಮೆಂಟಿನ ಕೊಳವಾಗಿದ್ದರೆ ಸುಣ್ಣದ ಅಂಶ ಬಿಟ್ಟು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುತ್ತದೆ. ಎರಡು ಮೂರು ಸಲ ತುಂಬಿಸಿ ಖಾಲಿ ಮಾಡಿ, ಪಿಎಚ್ 8.5ರ ಕೆಳಗೆ ನಿಂತ ಮೇಲೆ ಮೀನು ಬಿಡಿ.

ಎಷ್ಟು ಲೀಟರು ಎಂಬುದು ಗೊತ್ತಿರಲಿ

ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳವಿದ್ದರೆ ಸುಮಾರು 2,260 ಲೀಟರ್. ಅಂಚು ಇಳಿಜಾರಾಗಿದ್ದರೆ ಅಥವಾ ಒಳಗೆ ಕಲ್ಲು ಜೋಡಿಸಿದ್ದರೆ ಶೇ 20 ಕಳೆಯಿರಿ. ಪಂಪು, ಫಿಲ್ಟರು, ಔಷಧಿ, ಮೀನಿನ ಸಂಖ್ಯೆ ಎಲ್ಲವೂ ಈ ಅಂಕಿಯ ಮೇಲೆ ನಿಂತಿದೆ. ಅಂದಾಜಿನಲ್ಲಿ ಹಾಕಿದ ಔಷಧಿಯೇ ಮೀನು ಸಾಯಲು ದೊಡ್ಡ ಕಾರಣ.

ತುಂಬಿಸುವ ನೀರು

ಬೆಂಗಳೂರಿನ ಕೊಳಗಳಲ್ಲಿ ಅರ್ಧ ತೊಂದರೆ ನಲ್ಲಿಯಿಂದಲೇ ಶುರುವಾಗುತ್ತದೆ.

ನಗರದ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಹೆಚ್ಚು. ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆ ಮಿತಿಯೊಳಗಿನ ನೀರು ಕೂಡ ಪಾಚಿಗೆ ಒಳ್ಳೆಯ ಊಟವೇ. ಪ್ರತಿ ವಾರ ಆವಿಯಾದಷ್ಟನ್ನು ಬೋರ್ ನೀರಿನಿಂದ ತುಂಬಿಸುತ್ತಿದ್ದರೆ ಆವಿಯಾಗುವುದು ನೀರು ಮಾತ್ರ. ನೈಟ್ರೇಟ್, ಲವಣ ಉಳಿದು ಗಟ್ಟಿಯಾಗುತ್ತವೆ. ನಲ್ಲಿ ನೀರನ್ನು ಒಮ್ಮೆ ನೈಟ್ರೇಟ್ ಕಿಟ್ಟಿನಲ್ಲಿ ಪರೀಕ್ಷಿಸಿ. ಕೊಳದ ನೀರನ್ನಷ್ಟೇ ಪರೀಕ್ಷಿಸುತ್ತಾ ಕೂತರೆ ಮೂಲ ಸಿಗುವುದಿಲ್ಲ.

ಮೂರು ನೀರನ್ನು ಕೊಳಕ್ಕೆ ಬಿಡಲೇಬೇಡಿ. ಒಂದು, ಆರ್‌ಒ ಯಂತ್ರ ಹೊರಹಾಕುವ ನೀರು: ಪೋಲಾಗುತ್ತದಲ್ಲ ಎಂದು ಪೈಪು ಎಳೆಯುವವರಿದ್ದಾರೆ, ಆದರೆ ಯಂತ್ರ ಬೇರ್ಪಡಿಸಿದ ನೈಟ್ರೇಟು, ಲವಣಗಳೆಲ್ಲ ಅದರಲ್ಲೇ ಇವೆ. ಎರಡು, ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಘಟಕದಲ್ಲಿ, ಸಂಸ್ಕರಿಸಿದ ನೀರು: ಗಿಡಕ್ಕೆ ಅಮೃತ, ಕೊಳಕ್ಕೆ ಗೊಬ್ಬರ, ಸಾಬೂನು ಪುಡಿಯ ಫಾಸ್ಫೇಟ್ ಸಹ ಉಳಿದಿರುತ್ತದೆ. ಮೂರು, ವಾಟರ್ ಸಾಫ್ಟನರ್ ದಾಟಿ ಬಂದ ನೀರು: ಅದು ಗಡಸುತನಕ್ಕೆ ಬದಲಾಗಿ ಸೋಡಿಯಂ ತುಂಬುತ್ತದೆ, ನೈಟ್ರೇಟನ್ನು ಮುಟ್ಟುವುದೇ ಇಲ್ಲ.

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ತೆರೆದ ಡ್ರಮ್ಮಿನಲ್ಲಿ 24ರಿಂದ 48 ಗಂಟೆ ಇಟ್ಟರೆ ಹೋಗುತ್ತದೆ. ಅವಸರವಿದ್ದರೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು, ಸಾವಿರ ಲೀಟರಿಗೆ 10 ಗ್ರಾಂ ಸಾಕು. ಇದಕ್ಕಿಂತ ಮುಖ್ಯವಾದ ಸಂಗತಿ: 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ಕೈತೋಟ, ಕಾರಂಜಿ, ಕಾರು ತೊಳೆಯುವುದಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಬೇಸಗೆಯಲ್ಲಿ ಕಾವೇರಿ ನೀರನ್ನೇ ನಂಬಿದ ಕೊಳ ಕಷ್ಟಕ್ಕೆ ಸಿಕ್ಕುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ತಾರಸಿಯ ಮಳೆನೀರು. 1,000 ಚದರಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ಸಿಗುತ್ತದೆ. ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಹೊರಬಿಡಿ. ಪಾರಿವಾಳದ ಹಿಕ್ಕೆ, ಧೂಳೆಲ್ಲ ಅದರಲ್ಲೇ ಹೋಗುತ್ತದೆ. ಮಳೆನೀರಿನಲ್ಲಿ ಆಲ್ಕಲಿನಿಟಿ, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಕ್ಷಾರದ ಅಂಶ, ತೀರ ಕಡಿಮೆ, ಹಾಗಾಗಿ ಪಿಎಚ್ ಒಮ್ಮೆಲೇ ಕುಸಿಯಬಹುದು. ಆಲ್ಕಲಿನಿಟಿ ಲೀಟರಿಗೆ 80 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಡುಗೆ ಸೋಡ ಕರಗಿಸಿ ಹಾಕಿ: ಸಾವಿರ ಲೀಟರಿಗೆ 50 ಗ್ರಾಂ ಹಾಕಿದರೆ 30 ಮಿಲಿಗ್ರಾಂ ಏರುತ್ತದೆ. ಒಂದು ದಿನಕ್ಕೆ ಅಷ್ಟೇ ಸಾಕು.

ಗಿಡ, ನೆರಳು, ಮಣ್ಣು

ನೀರಿನ ಮೇಲ್ಮೈಯ ಅರ್ಧದಿಂದ ಶೇ 60ರಷ್ಟನ್ನು ಎಲೆ ಮುಚ್ಚಿರಬೇಕು. ನೈದಿಲೆಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಅಕ್ಕಪಕ್ಕದ ಮೂರಂತಸ್ತಿನ ಮನೆಗಳ ನಡುವೆ ಸಿಕ್ಕ ಕೊಳಕ್ಕೆ ನೀರಿನ ಮೇಲೆ ತೇಲುವ ಅಂತರಗಂಗೆಯೇ ಗತಿ. ಅಂತರಗಂಗೆ ಬೇಗ ಬೆಳೆಯುತ್ತದೆ, ಅದೇ ಅದರ ಗುಣ: ಪ್ರತಿ ವಾರ ಮೂರನೇ ಒಂದು ಭಾಗ ಕಿತ್ತು ಕಾಂಪೋಸ್ಟಿಗೆ ಹಾಕಿದರೆ ಅಷ್ಟು ಸಾರಜನಕ ಕೊಳದಿಂದ ಆಚೆ ಹೋದಂತೆ. ಕೀಳದೆ ಬಿಟ್ಟರೆ ಪೂರಾ ಮುಚ್ಚಿ ಗಾಳಿಯಾಡದಂತೆ ಮಾಡುತ್ತದೆ.

ನೈದಿಲೆ, ತಾವರೆಯ ಕುಂಡಕ್ಕೆ ಹಸುವಿನ ಗೊಬ್ಬರ ಹಾಕಿ ಕೊಳಕ್ಕೆ ಇಳಿಸುವುದು ಹಸಿರು ನೀರಿಗೆ ನೇರ ದಾರಿ. ಕೆರೆಗೋಡು ಅಥವಾ ಜಿಗುಟಾದ ಕೆಮ್ಮಣ್ಣು ತುಂಬಿ, ಮೇಲೆ ಎರಡು ಇಂಚು ತೊಳೆದ ಮರಳು ಹಾಸಿ. ಅಂಗಡಿಯ ಪಾಟಿಂಗ್ ಮಿಕ್ಸ್ ಬೇಡ. ಅದರಲ್ಲಿರುವ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತೇಲಿಬಂದು ಪಂಪಿಗೆ ಕಟ್ಟಿಕೊಳ್ಳುತ್ತದೆ.

ಜಾಗವಿದ್ದರೆ ಪಕ್ಕದಲ್ಲೊಂದು ಜಲ್ಲಿಪಾತಿ ಮಾಡಿ. ನನ್ನ ಮಟ್ಟಿಗೆ ಯಾವ ದುಬಾರಿ ಫಿಲ್ಟರಿಗಿಂತಲೂ ಇದೇ ಮೇಲು. ಕೊಳದ ವಿಸ್ತೀರ್ಣದ ಶೇ 10ರಿಂದ 15ರಷ್ಟು ಜಾಗ, ಒಂದು ಅಡಿ ಆಳ. ತಳದಲ್ಲಿ ತೂತು ಕೊರೆದ ಒಂದೂವರೆ ಇಂಚಿನ ಪಿವಿಸಿ ಪೈಪು, ಅದರ ಮೇಲೆ 20 ಮಿಲಿಮೀಟರ್ ಜಲ್ಲಿ, ಮೇಲಿನ ನಾಲ್ಕು ಇಂಚಿಗೆ 12 ಮಿಲಿಮೀಟರ್ ಜಲ್ಲಿ. ಕ್ರಷರ್ ಪುಡಿ ಹೋಗುವವರೆಗೂ ಜಲ್ಲಿ ತೊಳೆಯಿರಿ. ಪಂಪಿನ ನೀರು ತಳದಿಂದ ಉಕ್ಕಿ, ಜಲ್ಲಿಯ ನಡುವೆ ಏರಿ, ಅಂಚಿನಿಂದ ಕೊಳಕ್ಕೆ ಬೀಳಬೇಕು. ಕಾಬಾಳೆ, ಬಜೆ, ಅಂಬ್ರೆಲಾ ಪಾಮ್ ಇವುಗಳ ಬೇರಿನ ಮಣ್ಣನ್ನು ಪೂರ್ತಿ ತೊಳೆದು ಜಲ್ಲಿಯಲ್ಲಿ ನೆಡಿ. ಪಂಪಿನ ಬಾಯಿಗೆ ಸ್ಪಂಜು ಹಾಕದಿದ್ದರೆ ವರ್ಷದೊಳಗೆ ಪಾತಿಯ ತಳ ಕೆಸರು ಕಟ್ಟುತ್ತದೆ. ಅದಕ್ಕಾಗಿ ತಳದ ಪೈಪಿಗೆ ಒಂದು ವಾಲ್ವ್ ಇಟ್ಟು ತಿಂಗಳಿಗೊಮ್ಮೆ ಕೆಸರು ಹೊರಬಿಡುವ ವ್ಯವಸ್ಥೆ ಇರಲಿ.

ಮೀನು ಮತ್ತು ಮೇವು

ಗೋಲ್ಡ್‌ಫಿಶ್ ಒಂದಕ್ಕೆ 100 ಲೀಟರ್, ದೊಡ್ಡದಾಗಿ ಬೆಳೆಯುವ ಕೊಯ್ ಮೀನು ಒಂದಕ್ಕೆ 1,000 ಲೀಟರ್ ಲೆಕ್ಕ. ಎರಡು ಸಾವಿರ ಲೀಟರಿನಲ್ಲಿ ಹತ್ತು ಕೊಯ್ ಸಾಕುವವರಿಗೆ ಈ ಬರಹದ ಯಾವ ಉಪಾಯವೂ ಸಾಲದು. ಮೇವು ದಿನಕ್ಕೊಮ್ಮೆ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮನೆಗೆ ಬಂದ ಮಕ್ಕಳೆಲ್ಲ ಬ್ರೆಡ್, ಪುರಿ ಹಾಕುವುದನ್ನು ತಪ್ಪಿಸಿ. ಸೊಳ್ಳೆಯ ಮರಿಗೆ ಹತ್ತಾರು ಗಪ್ಪಿ ಸಾಕು. ‘ಟ್ಯಾಂಕ್ ಕ್ಲೀನರ್’ ಎಂದು ಮಾರುವ ಮೀನು ಅಡಿಯುದ್ದ ಬೆಳೆಯುತ್ತದೆ, ತಿನ್ನುವ ಪಾಚಿಗಿಂತ ಹೆಚ್ಚು ಹಿಕ್ಕೆ ಹಾಕುತ್ತದೆ.

ಪಂಪು, ಫಿಲ್ಟರು, ಯುವಿ

ಕೊಳದ ನೀರೆಲ್ಲ ಒಂದೆರಡು ಗಂಟೆಗೊಮ್ಮೆ ಫಿಲ್ಟರ್ ದಾಟಬೇಕು. ಡಬ್ಬದ ಮೇಲೆ ಬರೆದ ಗಂಟೆಗೆ 3,000 ಲೀಟರ್ ಎಂಬುದು ನೀರನ್ನು ಮೇಲೆತ್ತದೆ ಇದ್ದಾಗಿನ ಲೆಕ್ಕ. ನಾಲ್ಕೈದು ಅಡಿ ಏರಿಸಿದರೆ ಸಣ್ಣ ಪಂಪುಗಳಲ್ಲಿ ಅರ್ಧಕ್ಕಿಳಿಯಬಹುದು. ಬಕೆಟ್ಟು ಹಿಡಿದು, ಗಡಿಯಾರ ನೋಡಿ ನೀವೇ ಅಳೆಯಿರಿ. ಪಂಪಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಹಾಕಿಸದೆ ನೀರಿಗೆ ಕೈ ಹಾಕಬೇಡಿ.

ಫಿಲ್ಟರಿನ ಸ್ಪಂಜನ್ನು ಬಕೆಟ್ಟಿಗೆ ತೆಗೆದ ಕೊಳದ ನೀರಿನಲ್ಲೇ ಹಿಂಡಿ. ನಲ್ಲಿಯ ಕ್ಲೋರಿನ್ ನೀರು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕರೆಂಟು ನಾಲ್ಕೈದು ಗಂಟೆ ಹೋಗಿದ್ದರೆ ಫಿಲ್ಟರಿನಲ್ಲಿ ನಿಂತ ನೀರನ್ನು ಚೆಲ್ಲಿ, ಆಮೇಲೆ ಪಂಪು ಹಾಕಿ. ಆ ನೀರಿನಲ್ಲಿ ಆಮ್ಲಜನಕವಿಲ್ಲ, ಕೊಳೆತದ್ದಿದೆ.

ಯುವಿ (ಅತಿನೇರಳೆ ಕಿರಣದ) ದೀಪ ತೇಲುವ ಪಾಚಿಗೆ ಮಾತ್ರ. ಎರಡು ಸಾವಿರ ಲೀಟರಿಗೆ 11 ವ್ಯಾಟ್, ದಿನವಿಡೀ ಬಿಸಿಲಿದ್ದರೆ 18 ವ್ಯಾಟ್. ದೀಪ ಉರಿಯುತ್ತಿದ್ದರೂ ಸುಮಾರು 8,000 ಗಂಟೆಯ ನಂತರ, ಅಂದರೆ ವರ್ಷದೊಳಗೆ, ಅದರ ಶಕ್ತಿ ಕುಂದುತ್ತದೆ, ಬದಲಿಸಿ. ದೀಪದ ಸುತ್ತಲಿನ ಗಾಜಿನ ಕೊಳವೆಗೆ ಬೋರ್ ನೀರಿನ ಸುಣ್ಣ ಕಟ್ಟಿದ್ದರೆ ಬೆಳಕೇ ಹೊರಬರುವುದಿಲ್ಲ. ಎರಡು ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ಬಿಚ್ಚಿ, ವಿನೆಗರ್‌ನಲ್ಲಿ ನೆನೆಸಿ ಒರೆಸಿ, ಚೆನ್ನಾಗಿ ತೊಳೆದು ಹಾಕಿ. ಬಂಡೆಗೆ ಅಂಟಿದ ಎಳೆಪಾಚಿಗೆ ಯುವಿಯಿಂದ ಏನೂ ಆಗದು.

ರಾತ್ರಿ ಕಾರಂಜಿ ನಿಲ್ಲಿಸುವ ಅಭ್ಯಾಸ ಬಿಡಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರು ಹಿಡಿದಿಡುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಶೇ 10ರಷ್ಟು ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಅಷ್ಟೇ. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ಉಸಿರಾಡುತ್ತದೆ. ಬೆಳಗಿನ ಐದೂವರೆಗೆ ಮೀನು ಮೇಲೆ ಬಂದು ಬಾಯಿ ತೆರೆಯುವುದು ಹಸಿವಿಗಲ್ಲ. ಅದೇ ಕೊಳದಲ್ಲಿ ಮಧ್ಯಾಹ್ನ ಮೂರಕ್ಕೆ ಪಿಎಚ್ 9ರ ಆಸುಪಾಸಿಗೆ ಏರಿರಬಹುದು. 25 ಡಿಗ್ರಿ ನೀರಿನಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ 5ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ, 9 ಆದಾಗ ಶೇ 35 ದಾಟುತ್ತದೆ. ಆದ್ದರಿಂದ ಪಿಎಚ್ ಪರೀಕ್ಷೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು.

ಎಳೆಪಾಚಿ ತೆಗೆಯುವುದು, ಔಷಧಿಯ ಮಾತು

ಒರಟು ಬಿದಿರು ಕೋಲು ಅಥವಾ ಟಾಯ್ಲೆಟ್ ಬ್ರಷ್ ಹಾಕಿ ತಿರುಗಿಸಿದರೆ ಎಳೆಗಳು ಸುತ್ತಿಕೊಂಡು ಬರುತ್ತವೆ. ಹೊರಗೆಳೆದ ಪ್ರತಿ ಬಕೆಟ್ಟೂ ಲಾಭವೇ. ಉಳಿದದ್ದು ಬಂಡೆಗೆ ಗಟ್ಟಿಯಾಗಿ ಅಂಟಿದ್ದರೆ ಮೆಡಿಕಲ್ ಶಾಪಿನ ಶೇ 6ರ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು: ಸಾವಿರ ಲೀಟರಿಗೆ 200 ಮಿಲಿಗಿಂತ ಹೆಚ್ಚಾಗದಂತೆ. ಬೆಳಗ್ಗೆ, ಪಂಪು ನಿಲ್ಲಿಸಿ, ಸಿರಿಂಜಿನಿಂದ ಪಾಚಿಯ ಮೇಲೇ ಬಿಡಿ. ಹದಿನೈದು ನಿಮಿಷದ ನಂತರ ಪಂಪು ಹಾಕಿ, ಸತ್ತದ್ದನ್ನು ಮರುದಿನ ಬಲೆಯಲ್ಲಿ ತೆಗೆಯಿರಿ. ಒಂದೇ ದಿನ ಇಡೀ ಕೊಳಕ್ಕೆ ಕೈ ಹಾಕದೆ ಕಾಲು ಭಾಗವಷ್ಟೇ ಮಾಡಿ.

ಅಡಿಕೆ ತೋಟದವರು ಬಳಸುವ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಕೊಳಕ್ಕೆ ಹಾಕುವ ಸಲಹೆ ಸಿಗುತ್ತದೆ. ಪಾಚಿ ಸಾಯುವುದು ನಿಜ. ಆದರೆ ಆಲ್ಕಲಿನಿಟಿ ಕಡಿಮೆಯಿರುವ ನೀರಿನಲ್ಲಿ ಮೀನೂ ಸಾಯುತ್ತದೆ, ಬಸವನಹುಳು ಖಂಡಿತ ಉಳಿಯದು, ತಾಮ್ರ ಕೆಸರಿನಲ್ಲಿ ಉಳಿದುಬಿಡುತ್ತದೆ. ಪಟಿಕವೂ ಮೀನಿರುವ ಕೊಳಕ್ಕೆ ಬೇಡ. ಅದು ಆಲ್ಕಲಿನಿಟಿಯನ್ನು ತಿಂದು ಪಿಎಚ್ ಇಳಿಸುತ್ತದೆ. ಪಾಚಿ ತಡೆಯಲೆಂದು ಕೆಲವರು ಹಾಕುವ ಬಾರ್ಲಿ ಹುಲ್ಲಿನ ಬದಲು ರಾಗಿ ಹುಲ್ಲು ಹಾಕಿದರೆ ಕೊಳೆತು ಆಮ್ಲಜನಕ ಖಾಲಿಯಾಗುತ್ತದೆ, ಅಷ್ಟೇ.

ವಾರದ ಕೆಲಸ, ಕಾಲದ ಕೆಲಸ

ವಾರಕ್ಕೊಮ್ಮೆ ತಳದ ಕೆಸರಿಗೆ ಪೈಪು ಹಿಡಿದು ಶೇ 10ರಷ್ಟು ನೀರು ಹೊರತೆಗೆದು ಗಿಡಗಳಿಗೆ ಹಾಕಿ, ಅಷ್ಟೇ ಹೊಸ ನೀರು ತುಂಬಿಸಿ. ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಬೆರಳು ಕಾಣದಿದ್ದರೆ ಮೇವು ಅರ್ಧ ಮಾಡಿ.

ಫೆಬ್ರುವರಿ, ಮಾರ್ಚ್‌ನಲ್ಲಿ ಹೊಂಗೆ ಎಲೆ ಉದುರುವಾಗ ಕೊಳದ ಮೇಲೆ ಬಲೆ ಕಟ್ಟಿ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಿಗೆ ಶೇ 50ರ ಹಸಿರು ಶೇಡ್‌ನೆಟ್ ಕಟ್ಟಿದರೆ ನೀರಿನ ಬಿಸಿಯೂ ಇಳಿಯುತ್ತದೆ. ಮೇ ತಿಂಗಳ ಮಳೆಗೆ ಮೊದಲೇ ಕೊಳದ ಅಂಚು ನೆಲಕ್ಕಿಂತ ಮೂರು ನಾಲ್ಕು ಇಂಚು ಎತ್ತರವಿದೆಯೇ ನೋಡಿ. ಹೂಪಾತಿಯ ಗೊಬ್ಬರ ಒಂದೇ ಮಳೆಗೆ ಕೊಳಕ್ಕಿಳಿದರೆ ವಾರದೊಳಗೆ ನೀರು ಹಸಿರಾಗುತ್ತದೆ.

ಹೆಚ್ಚಾದ ಅಂತರಗಂಗೆ, ಸಾಕಾದ ಮೀನು ಯಾವುದನ್ನೂ ರಾಜಕಾಲುವೆಗೋ ಕೆರೆಗೋ ಬಿಡಬೇಡಿ. ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಾಂಪೋಸ್ಟಿಗೆ ಹಾಕಿ, ಮೀನನ್ನು ಅಂಗಡಿಗೆ ವಾಪಸು ಕೊಡಿ ಅಥವಾ ಕೊಳವಿರುವ ಪರಿಚಯದವರಿಗೆ ದಾಟಿಸಿ.