ಮೆಟಲರ್ಜಿ ಓದುವುದು ಹೇಗೆ? ಒಂದು ಸೂಜಿಯಿಂದ ಶುರು ಮಾಡಿ

ಸೀಟು ಹಂಚಿಕೆಯ ದಿನಗಳು ಬಂದರೆ ಪರಿಚಯದವರಿಂದ ಒಂದು ಫೋನ್ ತಪ್ಪದೆ ಬರುತ್ತದೆ. "ಮಗಳಿಗೆ ಸುರತ್ಕಲ್‌ನಲ್ಲಿ ಮೆಟಲರ್ಜಿ ಸಿಗ್ತಾ ಇದೆ. ಸೇರಿಸೋದಾ, ಬೇಡ್ವಾ?" ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ ಅನ್ನುವ ಬೇಸರ ದನಿಯಲ್ಲೇ ಗೊತ್ತಾಗುತ್ತದೆ. ಮೆಟಲರ್ಜಿ ಎಂದರೆ ಲೋಹಗಳ ಶಾಸ್ತ್ರ. ನಾನು ಇದೇ ವಿಷಯ ಓದಿದವನು. ಉಕ್ಕಿಗೆ ಹದ ಕೊಡುವ ಕೆಲಸದಲ್ಲೇ ಬದುಕು ಕಟ್ಟಿಕೊಂಡವನು. ಸೇರಿಸಿ ಎಂದೇ ಹೇಳುತ್ತೇನೆ. ಆದರೆ ಓದುವ ರೀತಿ ಬೇರೆ ಇರಬೇಕು. ಉರು ಹೊಡೆದರೆ ಇದು ಬರೀ ಅಂಕಿಗಳ ರಾಶಿ. ಲೋಹವನ್ನು ಕೈಯಲ್ಲಿ ಹಿಡಿದು ಓದಿದವರಿಗೆ ಮಾತ್ರ ಒಲಿಯುತ್ತದೆ.

ಮೊದಲು ಸೂಜಿ ಪರೀಕ್ಷೆ

ಬ್ರಾಂಚ್ ಆರಿಸುವ ಮೊದಲು ಮನೆಯಲ್ಲೇ ಇದನ್ನು ಮಾಡಿ ನೋಡಿ. ದೊಡ್ಡವರು ಜೊತೆಗಿರಲಿ. ಕಣ್ಣಿಗೆ ಕನ್ನಡಕ, ಕೈಯಲ್ಲಿ ಇಕ್ಕಳ ಇರಲೇಬೇಕು.

ಒಂದು ಪೊಟ್ಟಣ ಹೊಲಿಗೆ ಸೂಜಿ ತನ್ನಿ. ಮೊದಲನೆಯದನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಇಕ್ಕಳದಲ್ಲಿ ಹಿಡಿದು ಬಗ್ಗಿಸಿ. ಸ್ವಲ್ಪ ಬಾಗಿ ಟಕ್ ಎಂದು ಮುರಿಯುತ್ತದೆ. ಎರಡನೆಯದನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ, ಉರಿಯಿಂದ ನಿಧಾನವಾಗಿ ಮೇಲೆತ್ತುತ್ತಾ ಆರಲು ಬಿಡಿ. ಅದು ತಂತಿಯ ಹಾಗೆ ಬಾಗುತ್ತದೆ. ಮೂರನೆಯದನ್ನು ಕೆಂಪಗೆ ಕಾಯಿಸಿ ತಕ್ಷಣ ನೀರಿಗೆ ಅದ್ದಿ. ಬಗ್ಗಿಸಲು ಹೋದರೆ ಗಾಜಿನ ಹಾಗೆ ಚೂರಾಗುತ್ತದೆ. ನಾಲ್ಕನೆಯದನ್ನೂ ಹಾಗೇ ಅದ್ದಿ, ಆಮೇಲೆ ಉಜ್ಜಿ ಹೊಳಪು ಮಾಡಿ, ಉರಿಯಿಂದ ತುಸು ದೂರದಲ್ಲಿ ಹಿಡಿದು ಮೆಲ್ಲಗೆ ಕಾಯಿಸಿ. ನೀಲಿ ಬಣ್ಣ ಬಂದ ಕೂಡಲೇ ತೆಗೆಯಿರಿ. ಇದು ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ.

ನಾಲ್ಕೂ ಒಂದೇ ಉಕ್ಕು. ನೀವು ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ. ಊರಿನ ಕಮ್ಮಾರರು ಕುಡುಗೋಲಿಗೆ ಹದ ಕೊಡುವುದೂ ಹೀಗೆಯೇ. "ಯಾಕೆ ಹೀಗಾಯ್ತು?" ಅನ್ನುವ ಪ್ರಶ್ನೆ ರಾತ್ರಿ ಮಲಗಿದಾಗಲೂ ಕೊರೆಯುತ್ತಿದ್ದರೆ ಈ ಬ್ರಾಂಚ್ ನಿಮ್ಮದು.

ಸೀಟು

ಕರ್ನಾಟಕದವರಿಗೆ ಮೊದಲು ನೆನಪಾಗುವುದು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಎನ್‌ಐಟಿಕೆ. ದೇಶಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್ ಬರೆದು, ಐಐಟಿ, ಎನ್‌ಐಟಿಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್ ಮೂಲಕ ಸೇರಬೇಕು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅಲ್ಲಿನ ಅರ್ಧ ಸೀಟು ನಮ್ಮ ರಾಜ್ಯದವರಿಗೆ ಮೀಸಲು. ಒಂದು ವಿಷಯ ಗಮನಿಸಿ. ಇಲ್ಲಿ ನಮ್ಮ ರಾಜ್ಯ ಎಂದರೆ ಹುಟ್ಟಿದ ಊರಲ್ಲ, ಹನ್ನೆರಡನೇ ತರಗತಿ ಪಾಸಾದ ರಾಜ್ಯ. ಕೋಚಿಂಗ್‌ಗೆಂದು ಹೈದರಾಬಾದಿಗೋ ಕೋಟಾಕ್ಕೋ ಹೋಗಿ ಅಲ್ಲೇ ಹನ್ನೆರಡನೇ ತರಗತಿ ಮುಗಿಸಿದರೆ ಆ ಪಾಲು ಕೈತಪ್ಪುತ್ತದೆ.

ಒಂದು ನಕ್ಷೆ, ನೂರು ಸಲ

ಸೇರಿದ ಮೇಲೆ ವಿಷಯಗಳು ಬಹಳ. ಎರಕ, ವೆಲ್ಡಿಂಗ್, ತುಕ್ಕು, ಅದಿರಿನಿಂದ ಲೋಹ ತೆಗೆಯುವುದು, ಹೀಗೆ. ನನ್ನ ಮಾತು ಕೇಳುವುದಾದರೆ ಎಲ್ಲಕ್ಕೂ ಮೊದಲು ಕಬ್ಬಿಣ–ಇಂಗಾಲದ ನಕ್ಷೆಯನ್ನು ಕೈಯಿಂದ ಬರೆಯುವುದು ಕಲಿಯಿರಿ. ಉಕ್ಕು ಎಂದರೆ ತುಸು ಇಂಗಾಲ ಸೇರಿದ ಕಬ್ಬಿಣವೇ. ಅಡ್ಡಕ್ಕೆ ಇಂಗಾಲದ ಪ್ರಮಾಣ, ಉದ್ದಕ್ಕೆ ಉಷ್ಣತೆ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಂಗಾಲ ಶೇ 4.3 ಸೇರಿದರೆ ಅದು 1150ರ ಹತ್ತಿರಕ್ಕೆ ಇಳಿಯುತ್ತದೆ. ಇಂಗಾಲ ಹೆಚ್ಚಿರುವ ಬೀಡು ಕಬ್ಬಿಣವನ್ನು ಎರಕ ಹೊಯ್ಯುವುದು ಯಾಕೆ ಸುಲಭ ಅನ್ನುವುದು ಇಲ್ಲೇ ಗೊತ್ತಾಯ್ತು ಅಲ್ವಾ?

ನಿಮ್ಮ ಸೂಜಿಯ ಗುಟ್ಟು ಇರುವುದು 727 ಡಿಗ್ರಿಯ ಗೆರೆಯಲ್ಲಿ. ಅದಕ್ಕಿಂತ ಮೇಲೆ ಕಬ್ಬಿಣದ ಪರಮಾಣುಗಳು ಬೇರೆ ಥರ ಜೋಡಿಸಿಕೊಳ್ಳುತ್ತವೆ. ಆ ಜೋಡಣೆಯ ಹೆಸರು ಆಸ್ಟೆನೈಟ್. ಅದರ ಸಂದಿಯಲ್ಲಿ ಇಂಗಾಲ ಆರಾಮಾಗಿ ಕೂರುತ್ತದೆ. ನಿಧಾನ ಆರಿಸಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗುತ್ತದೆ. ಆಗ ಮೆತ್ತಗಿನ ಪದರ, ಗಟ್ಟಿ ಪದರ ಒಂದರ ಮೇಲೊಂದು ಕೂತು ಪರ್ಲೈಟ್ ಆಗುತ್ತದೆ. ನೀರಿಗೆ ಅದ್ದಿದರೆ ಸಮಯವೇ ಇಲ್ಲ. ಇಂಗಾಲ ಒಳಗೇ ಸಿಕ್ಕಿಬಿದ್ದು ಜೋಡಣೆಯನ್ನು ಎಳೆದು ಹಿಗ್ಗಿಸುತ್ತದೆ. ಅದೇ ಮಾರ್ಟೆನ್‌ಸೈಟ್. ಗಟ್ಟಿ, ಆದರೆ ಪೆಡಸು.

ಲ್ಯಾಬಿನಲ್ಲಿ ಅವಸರ ಬೇಡ

ಇಡೀ ಕೋರ್ಸಿನಲ್ಲಿ ನಾನು ತುಂಬಾ ಪ್ರೀತಿಸುವುದು ಸೂಕ್ಷ್ಮದರ್ಶಕದಲ್ಲಿ ನೋಡಲು ಲೋಹದ ಮಾದರಿ ತಯಾರಿಸುವ ಕೆಲಸ. ಇಲ್ಲಿ ಕೈ ಪಳಗಿದವರಿಗೆ ಉಳಿದ ಓದು ಅರ್ಧ ಸಲೀಸು.

ಇಎನ್ 8 ಅನ್ನುವ ಉಕ್ಕಿನ ತುಂಡು ತೆಗೆದುಕೊಳ್ಳಿ. ಪೀಣ್ಯದ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಸಿಗುತ್ತದೆ. ಅದರಲ್ಲಿ ಇಂಗಾಲ ಸುಮಾರು ಶೇ 0.4. ಕುಲುಮೆಯಲ್ಲಿ ಕಾಯಿಸಿ, ಅಲ್ಲೇ ನಿಧಾನ ಆರಿಸಿ. ಕತ್ತರಿಸುವಾಗ, ಉಜ್ಜುವಾಗ ನೀರು ಹರಿಯುತ್ತಿರಲಿ. ನನ್ನ ಮೊದಲ ತುಂಡನ್ನು ನೀರಿಲ್ಲದೆ ಉಜ್ಜುವ ಬೆಲ್ಟಿಗೆ ಒತ್ತಿ ಹಿಡಿದಿದ್ದೆ. ಬಿಸಿಗೆ ಅಂಚು ನೀಲಿಯಾಗಿ ಒಳರಚನೆಯೇ ಕೆಟ್ಟಿತ್ತು. ಮೊದಲಿಂದ ಮತ್ತೆ ಮಾಡಬೇಕಾಯಿತು.

ಆಮೇಲೆ ಎಮರಿ ಪೇಪರ್. ಒರಟಿನಿಂದ ನಯದ ಕಡೆಗೆ 220, 400, 600, 800, 1000, ಇದೇ ಕ್ರಮ. ಪೇಪರ್ ಬದಲಿಸಿದಾಗಲೆಲ್ಲ ತುಂಡನ್ನು 90 ಡಿಗ್ರಿ ತಿರುಗಿಸಿ. ಹಳೆಯ ಗೀರು ಪೂರ್ತಿ ಅಳಿಯುವವರೆಗೆ ಮುಂದಿನ ಪೇಪರಿಗೆ ಹೋಗಬೇಡಿ. ನಡುವೆ ತುಂಡನ್ನೂ ಕೈಯನ್ನೂ ತೊಳೆಯಿರಿ. ಹಿಂದಿನ ಪೇಪರಿನ ಒಂದೇ ಕಣ ಉಳಿದರೂ ಹೊಸ ಗೀರು ಬೀಳುತ್ತದೆ. ಕೊನೆಗೆ ಅಲ್ಯುಮಿನಾ ಪುಡಿ ಕಲಸಿದ ನೀರು ಹಾಕಿ ಬಟ್ಟೆಯ ಚಕ್ರದ ಮೇಲೆ ಕನ್ನಡಿಯಂತೆ ಮಾಡಿ.

ಈಗ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬರೀ ಬಿಳಿ. ನಿರಾಸೆ ಬೇಡ. ಆಲ್ಕೋಹಾಲಿನಲ್ಲಿ ಶೇ 2ರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ನೈಟಾಲ್‌ನಲ್ಲಿ ಕೆಲವು ಸೆಕೆಂಡು ಅದ್ದಿ, ತೊಳೆದು, ಒಣಗಿಸಿ ನೋಡಿ. ಆಮ್ಲ ಬೆರೆಸುವ ಕೆಲಸ ಮೇಷ್ಟ್ರ ಎದುರಿಗೇ ಆಗಲಿ. ಬಿಳಿ ಕಣಗಳ ಪಕ್ಕದಲ್ಲಿ ಕಪ್ಪು ಪರ್ಲೈಟ್ ಕಾಣುತ್ತದೆ. ಜಾಸ್ತಿ ದೊಡ್ಡದು ಮಾಡಿ ನೋಡಿದರೆ ಒಳಗೆ ಗೆರೆಗೆರೆ.

ಇಲ್ಲಿಗೇ ಬಿಡಬೇಡಿ. ನಕ್ಷೆಯ ಮೇಲೆ ಲಿವರ್ ನಿಯಮ ಹಾಕಿ, ಅಂದರೆ ಯಾವ ಭಾಗ ಎಷ್ಟಿದೆ ಎಂದು ಲೆಕ್ಕ ಮಾಡಿ. ಬಿಳಿ ಕಣಗಳು ಹಿಡಿಯುವ ಇಂಗಾಲ ಶೇ 0.02, ಪರ್ಲೈಟ್‌ನಲ್ಲಿರುವುದು ಶೇ 0.77. 0.4ರಿಂದ 0.02 ಕಳೆಯಿರಿ, 0.77ರಿಂದ 0.02 ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಅದೇ ಪರ್ಲೈಟಿನ ಪಾಲು, ಹತ್ತಿರ ಹತ್ತಿರ ಅರ್ಧ. ಮತ್ತೆ ಕಣ್ಣಿಟ್ಟು ನೋಡಿ. ಅರ್ಧ ಕಪ್ಪು, ಅರ್ಧ ಬಿಳಿ! ಕಾಗದದ ಮೇಲಿನ ಲೆಕ್ಕ ಲೋಹದೊಳಗೆ ಕಂಡ ಆ ಗಳಿಗೆ ನನಗೆ ಇವತ್ತಿಗೂ ಹೊಸದಾಗಿಯೇ ಇದೆ.

ಕಾರ್ಖಾನೆ ನೋಡುವ ಬಗೆ

ರಜೆಯಲ್ಲಿ ತರಬೇತಿಗೆ ಹೋಗಿ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ದೊಡ್ಡದು ನಿಜ. ಆದರೆ ಬೆಳಗಾವಿ, ಶಿವಮೊಗ್ಗದ ಸಣ್ಣ ಫೌಂಡ್ರಿಗಳನ್ನು, ಅಂದರೆ ಎರಕದ ಕಾರ್ಖಾನೆಗಳನ್ನು, ಬಿಡಬೇಡಿ. ಅಚ್ಚು ಕಟ್ಟುವುದರಿಂದ ಲೋಹ ಹೊಯ್ಯುವವರೆಗೆ ಎಲ್ಲ ಒಂದೇ ಸೂರಿನಡಿ ಕಾಣುತ್ತದೆ. ಹತ್ತಿ ಬಟ್ಟೆ ಹಾಕಿ. ಪಾಲಿಯೆಸ್ಟರ್ ಮೇಲೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.

ಸುಮ್ನೆ ನೋಡಿ ಬರಬೇಡಿ, ಪ್ರಶ್ನೆ ಒಯ್ಯಿರಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತಯಾರಿ ಶುರುವಾದಾಗ ಕುಲುಮೆಗೆ ಹಾಕಿದ್ದು ಮಲೆನಾಡಿನ ಕಾಡಿನ ಇದ್ದಿಲು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ. ಅದರಿಂದ ಕಬ್ಬಿಣಕ್ಕೆ ಏನು ಲಾಭ? ಬೆಳಗಾವಿಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ತೆಗೆಯುತ್ತಾರೆ. ಅದರಿಂದ ಅಲ್ಯೂಮಿನಿಯಂ ಬಿಡಿಸಲು ವಿದ್ಯುತ್ತೇ ಯಾಕೆ ಬೇಕು, ಕಬ್ಬಿಣಕ್ಕೆ ಇಂಗಾಲವೇ ಹೇಗೆ ಸಾಕು? ಈ ಪ್ರಶ್ನೆ ಹಿಡಿದು ಹೋದರೆ ಎಲ್ಲರೂ ಹೆದರುವ ಥರ್ಮೊಡೈನಮಿಕ್ಸ್‌ನ ಎಲಿಂಗ್‌ಹ್ಯಾಮ್ ನಕ್ಷೆ, ಯಾವ ಲೋಹದಿಂದ ಆಮ್ಲಜನಕ ಬಿಡಿಸುವುದು ಎಷ್ಟು ಕಷ್ಟ ಎಂದು ತೋರಿಸುವುದು, ತಾನಾಗಿ ಅರ್ಥವಾಗುತ್ತದೆ.

ಮುಂದೆ

ಇನ್ನೂ ಓದುವ ಮನಸ್ಸಿದ್ದರೆ ಮೂರನೇ ವರ್ಷದಿಂದಲೇ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಗೆ ಕೂರಿ. ನಮ್ಮ ಪೇಪರಿನ ಹೆಸರು ಎಂಟಿ. ಬೆಂಗಳೂರಿನ ಐಐಎಸ್‌ಸಿಯ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದ ಎಂ.ಟೆಕ್‌ಗೂ ಅದೇ ದಾರಿ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತವಾಗಿ ಸಿಗುತ್ತವೆ. ಕೆಲಸದ ಸಂದರ್ಶನಕ್ಕೆ ಹೋಗುವುದಾದರೆ ನೀವೇ ತಯಾರಿಸಿದ ಮಾದರಿಗಳ ಚಿತ್ರಗಳನ್ನು ಒಂದು ಫೈಲಿನಲ್ಲಿ ಜೋಡಿಸಿ ಒಯ್ಯಿರಿ. ಪ್ರತಿ ಚಿತ್ರದ ಕೆಳಗೆ ಯಾವ ಉಕ್ಕು, ಎಷ್ಟು ಕಾಯಿಸಿದಿರಿ, ಹೇಗೆ ಆರಿಸಿದಿರಿ ಎಂದು ಬರೆದಿರಲಿ. ನಾನು ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅಂಕಪಟ್ಟಿಗಿಂತ ಮೊದಲು ಕೇಳುವುದು ಆ ಫೈಲನ್ನೇ.